ಹೇಳಬಾರದ ಹೆಸರಿನ ಗಾಡಿ

ಎದ್ದು ನಿಲ್ಲಲಾರದ ಗಂಡನ ಹೆಸರಿಗೆ, ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ಗಾಡಿ ಓಡಿಸಿದ್ದಕ್ಕೆ ದಂಡದ ಚೀಟಿ ಬಂದಾಗ ಬುರುಲ್ ಅಂಗಳದಲ್ಲಿ ಬೀನ್ಸ್ ಕಾಳು ಕೇರುತ್ತಿದ್ದಳು. ಅಂಚೆಯವಳು ಸೈಕಲ್ಲಿನಿಂದ ಇಳಿಯದೆಯೇ ಚೀಟಿ ಚಾಚಿದಳು.

"ನಿಮ್ಮೆಜಮಾನ್ರು ಗಾಳಿಗಿಂತ ಜೋರಾಗಿ ಹೋಗ್ತಾರಂತೆ ಕಣಮ್ಮ. ಕ್ಯಾಮೆರಾದಲ್ಲಿ ಸಿಕ್ಕಿಹಾಕ್ಕೊಂಡಿದಾರೆ" ಎಂದು ನಕ್ಕು ಪೆಡಲು ತುಳಿದಳು.

ಜಲ್ದರು ಹಣ್ಣಿನ ಮರದ ಕೆಳಗೆ ಮಂಚದ ಮೇಲೆ ಒರಗಿದ್ದ ಎರ್ಮೆಕ್ ಚೀಟಿಯನ್ನು ಎರಡು ಸಲ ಓದಿದ. ಆರು ವರ್ಷದ ಹಿಂದೆ ರಷ್ಯಾದಲ್ಲಿ ಕಟ್ಟಡದ ಅಟ್ಟಣಿಗೆಯಿಂದ ಬಿದ್ದ ಮೇಲೆ ಅವನ ಸೊಂಟದ ಕೆಳಗೆ ಬಲವಿಲ್ಲ. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

"ನೋಡಿದ್ಯಾ, ಆರು ವರ್ಷದಲ್ಲಿ ಮೊದಲ್ನೇ ಸಲ ಊರು ಬಿಟ್ಟು ಹೊರಗೆ ಹೋಗಿದೀನಿ. ನನಗೇ ಗೊತ್ತಾಗ್ಲಿಲ್ಲ."

"ಕೊಡಿಲ್ಲಿ. ದೊಡ್ಡೋನು ಬಂದಾಗ ಕೊಟ್ರಾಯ್ತು, ಅವನೇ ಕಟ್ಕೋತಾನೆ" ಎಂದು ಅತ್ತೆ ಕಲಿಚಾ ಚೀಟಿಯನ್ನು ಮಡಿಸಿ ಎದೆಯ ಜೇಬಿಗೆ ಸೇರಿಸಿಕೊಂಡಳು.

ದೊಡ್ಡೋನು ಅಂದರೆ ಕಲಿಚಾಳ ಮೊದಲ ಮಗ, ಜಿಲ್ಲಾ ಆಡಳಿತದಲ್ಲಿ ಉಪ ಅಧಿಕಾರಿ. ಅವನ ಹೆಸರನ್ನು ಬುರುಲ್ ಹೇಳುವಂತಿಲ್ಲ. ಗಂಡನ ಮನೆಯ ಹಿರಿಯರ ಹೆಸರು ಸೊಸೆಯ ನಾಲಿಗೆಗೆ ಬರಬಾರದು. ಹದಿನಾಲ್ಕು ವರ್ಷದಿಂದ ಬಂದಿಲ್ಲ. ತೀರಿಹೋದ ಮಾವನ ಹೆಸರೂ ಹಾಗೆಯೇ, ಗಂಡನ ಹೆಸರೂ ಹಾಗೆಯೇ. ಆಫೀಸುಗಳಲ್ಲಿ ಗಂಡನ ಹೆಸರು ಕೇಳಿದರೆ ಅವಳು ಕಾರ್ಡು ತೆಗೆದು ಮುಂದಿಡುತ್ತಾಳೆ. ದೊಡ್ಡೋನ ಹೆಸರು ಮಾತ್ರ ನಮಗೂ ಬೇಡ. ನಾವೂ ಅವನನ್ನು ಸದ್ಯಕ್ಕೆ ಭಾವ ಎಂದೇ ಕರೆಯೋಣ.

ಭಾವ ಎರಡು ವರ್ಷದ ಹಿಂದೆ ಒಂದು ಭಾನುವಾರ ಅರ್ಧ ಕುರಿ, ಒಂದು ಕಟ್ಟು ಕಾಗದ ಹಿಡಿದು ಬಂದಿದ್ದ. ಊಟವಾಗಿ, ಕೈಗೆ ಮೆತ್ತಿದ ಕೊಬ್ಬು ಆರುವ ಮೊದಲೇ ಕಾಗದ ಬಿಚ್ಚಿದ. "ಅಂಗವಿಕಲರ ಹೆಸರಲ್ಲಿದ್ರೆ ಗಾಡಿಗೆ ತೆರಿಗೆ ಇಲ್ಲ. ನಿನಗೆ ಖರ್ಚಿಲ್ಲ, ನನಗೆ ಉಳಿತಾಯ. ಅಣ್ಣ ತಮ್ಮ ಅಂದ್ಮೇಲೆ ಇಷ್ಟೂ ಇಲ್ದಿದ್ರೆ ಹೇಗೆ?" ಆ ಕಡೆ ಇದೇನೂ ಹೊಸದಲ್ಲ. ಕಣ್ಣು ಕಾಣದ ಅಜ್ಜನ ಹೆಸರಿನಲ್ಲಿ ಟ್ಯಾಕ್ಸಿ ಓಡುತ್ತದೆ, ಹಾಸಿಗೆ ಹಿಡಿದ ಚಿಕ್ಕಮ್ಮನ ಹೆಸರಿನಲ್ಲಿ ಲಾರಿ ಓಡುತ್ತದೆ. ಎರ್ಮೆಕ್ ಸಹಿ ಹಾಕಿದ. ಗಾಡಿಯನ್ನು ಓಡಿಸುವುದಕ್ಕೂ ಬೇಕಾದರೆ ಮಾರುವುದಕ್ಕೂ ಅಣ್ಣನಿಗೆ ಅಧಿಕಾರ ಪತ್ರವನ್ನೂ ಬರೆದುಕೊಟ್ಟ. ಹೀಗೆ ಕಪ್ಪು ಬಣ್ಣದ ಆ ದೊಡ್ಡ ಜೀಪು, ಮಂಚದಿಂದ ಗಾಲಿಕುರ್ಚಿಗೆ ಇಳಿಯಲು ಹೆಂಡತಿಯ ಹೆಗಲು ಬೇಕಾದವನ ಸೊತ್ತಾಯಿತು.

ಆ ಮನೆ ಕಾಯುತ್ತಿದ್ದದ್ದು ಬೇರೆಯದಕ್ಕೆ. ದೊಡ್ಡ ಸರೋವರದ ದಂಡೆಯಲ್ಲಿ ಒಂದು ಆಸ್ಪತ್ರೆಯಿದೆ. ಬಡವರ ಮನೆಯ ಇಂಥ ರೋಗಿಗಳನ್ನು ಸರ್ಕಾರ ಪಟ್ಟಿ ಮಾಡಿ, ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಅಲ್ಲಿಗೆ ಕಳಿಸುತ್ತದೆ. ಮೂರು ತಿಂಗಳು ಬಿಸಿನೀರು, ಮಾಲೀಸು, ಕಾಲಿಗೆ ಕಬ್ಬಿಣದ ಪಟ್ಟಿ. ಎರ್ಮೆಕ್‌ನನ್ನು ನೋಡಿದ ಡಾಕ್ಟರು, ಅಲ್ಲಿಗೆ ಹೋದರೆ ಊರುಗೋಲಿನ ಮೇಲೆ ನಿಲ್ಲಬಹುದು, ನಾಲ್ಕು ಹೆಜ್ಜೆ ಹಾಕಬಹುದು ಎಂದಿದ್ದರು. ನಾಲ್ಕು ಹೆಜ್ಜೆಯೇ ಸಾಕಾಗಿತ್ತು. ಅಂಗಳದ ಕೊನೆಯ ಕಕ್ಕಸಿಗೆ ತಾನೇ ಹೋಗಿಬರಬೇಕು ಎನ್ನುವುದಕ್ಕಿಂತ ದೊಡ್ಡ ಆಸೆ ಎರ್ಮೆಕ್‌ಗೆ ಇರಲಿಲ್ಲ. ಆರು ವರ್ಷದಿಂದ ಮಂಚದ ಕೆಳಗಿನ ಬಕೆಟ್ಟನ್ನು ಬುರುಲ್ ದಿನಕ್ಕೆ ಮೂರು ಸಲ ಹೊತ್ತು ಹಾಕುತ್ತಿದ್ದಳು, ಅವನು ಮೂರು ಸಲವೂ ಗೋಡೆಗೆ ಮುಖ ತಿರುಗಿಸುತ್ತಿದ್ದ. ಮೂರು ವರ್ಷ ಕಾದ ಮೇಲೆ ಈ ನವೆಂಬರಿನ ಬಸ್ಸಿನಲ್ಲಿ ಅವನ ಹೆಸರು ಬಂದಿತ್ತು.

ಚೀಟಿಯ ದಂಡವನ್ನು ಭಾವ ಕಟ್ಟಿದ. ಅದಾದ ಹತ್ತು ದಿನಕ್ಕೆ ಸಮಾಜ ಕಲ್ಯಾಣದ ಆಫೀಸಿನಿಂದ ಫೋನು ಬಂತು. ಎರ್ಮೆಕ್‌ನ ಹೆಸರನ್ನು ಪಟ್ಟಿಯಿಂದ ತೆಗೆದಿದ್ದಾರಂತೆ.

ಅತ್ತೆ ಸೊಸೆ ಬೆಳಗಿನ ವ್ಯಾನು ಹಿಡಿದು ಹೋದರು. ಮೀರಿಮ್ ಎಂಬ ಗುಮಾಸ್ತೆ ಹುಡುಗಿ ಬೇಕರಿಯ ರೊಟ್ಟಿ ಮುರಿದು ತಿನ್ನುತ್ತಾ ಕೀಲಿ ಒತ್ತಿದಳು.

"ನಿಮ್ಮನೇಲಿ ಗಾಡಿ ಇದೆಯಲ್ಲ."

"ಇದೆ. ಬೀನ್ಸ್ ಮೂಟೆ ತಳ್ಳೋ ಗಾಡಿ" ಎಂದಳು ಬುರುಲ್.

ಮೀರಿಮ್ ಪರದೆಯನ್ನು ತಿರುಗಿಸಿದಳು. ನಂಬರು, ಬಣ್ಣ, ಇಂಜಿನ್ನು, ವರ್ಷ, ಮಾಲೀಕ. ಎಲ್ಲ ಸಾಲಾಗಿ ನಿಂತಿದ್ದವು.

"ಮೊದ್ಲು ನಾವು ನಿಮ್ಮ ಬಾಯಿಮಾತು ನಂಬ್ತಿದ್ವಿ ಅಕ್ಕ. ಈ ಬೇಸಿಗೆಯಿಂದ ಗಾಡಿ ನೋಂದಣಿಯವರ ದಫ್ತರ ಎಲ್ಲಾ ನೇರ ನಮ್ಮ ಕಂಪ್ಯೂಟರಿಗೆ ಬರುತ್ತೆ. ಅವರಿಗೂ ನಮಗೂ ಬೀಗತನ ಆದಂಗೆ. ಅಲ್ಲಿ ಸೀನಿದ್ರೆ ಇಲ್ಲಿ ಕೇಳುತ್ತೆ. ಇಂಥ ಜೀಪಿರೋರು ಬಡವರ ಪಟ್ಟೀಲಿ ಹೇಗಿರ್ತಾರೆ?"

"ಅವ್ರಿಗೆ ನಡಿಯೋಕಾಗಲ್ಲ ಅನ್ನೋದು ನಿಮ್ಮ ಕಂಪ್ಯೂಟರಿಗೆ ಕಾಣಲ್ವಾ?"

"ಕಾಣುತ್ತೆ. ಆ ಕಾಲಂ ಬೇರೆ, ಈ ಕಾಲಂ ಬೇರೆ."

"ಎರಡು ಕಾಲಮ್ಮನ್ನೂ ಒಟ್ಟಿಗೆ ಓದೋರು ಯಾರೂ ಇಲ್ವಾ?"

ಹುಡುಗಿ ರೊಟ್ಟಿ ಕೆಳಗಿಟ್ಟಳು. ಕೆಟ್ಟವಳೇನಲ್ಲ. "ಸಮಿತಿ ಇದೆ, ನವೆಂಬರ್ ಹದಿನಾಲ್ಕಕ್ಕೆ ಸೇರುತ್ತೆ. ಗಾಡಿನ ನಿಜವಾಗಿ ಓಡಿಸ್ತಿರೋರು ಯಾರು ಅಂತ ಹೆಸರು ಹೇಳಿ, ಅರ್ಜಿ ಬರ್ಕೋತೀನಿ. ಸಮಿತಿ ಮುಂದೆ ಇಡ್ತೀನಿ."

ಬುರುಲ್ ಬಾಯಿ ತೆರೆದಳು. ಪಕ್ಕದಲ್ಲಿ ಅತ್ತೆ ಕೆಮ್ಮಿದಳು. ಸಣ್ಣ ಕೆಮ್ಮು, ಆದರೆ ಹದಿನಾಲ್ಕು ವರ್ಷದಲ್ಲಿ ಆ ಕೆಮ್ಮಿನ ಅರ್ಥ ಏನೆಂದು ಬುರುಲ್‌ಗೆ ಕಲಿಸಿಕೊಡಬೇಕಾಗಿರಲಿಲ್ಲ.

"ನಮ್ಮ... ದೊಡ್ಡವರು."

"ಯಾವ ದೊಡ್ಡವರು?"

"ಮನೆಯವ್ರ ಅಣ್ಣ."

"ಅಣ್ಣಂಗೆ ಹೆಸರಿಲ್ವಾ? ಅಜ್ಜಿ, ನೀವಾದ್ರೂ ಹೇಳಿ."

"ಮನೆ ಮಾತು, ಮನೇಲೇ ಬಗೆಹರಿಸ್ಕೋತೀವಿ ಮಗಳೇ" ಎಂದಳು ಕಲಿಚಾ, ಶಾಲನ್ನು ಬಿಗಿಯಾಗಿ ಹೊದೆಯುತ್ತಾ.

"ಹಾಗಾದ್ರೆ ಸಮಿತಿ ಸೇರೋದ್ರೊಳಗೆ ಗಾಡಿನ ಆ ಹೆಸರಿನಿಂದ ಇಳಿಸಿ. ನಾನು ಹೆಸರಿಲ್ಲದ ಅಣ್ಣನ್ನ ಎಲ್ಲಿ ಅಂತ ಬರೀಲಿ?"

ವ್ಯಾನಿನಲ್ಲಿ ಇಬ್ಬರೂ ಹಿಂದಿನ ಸೀಟು ಹಿಡಿದರು. ಊರ ಹತ್ತಿರ ಬಂದಾಗ ಬುರುಲ್ ಅತ್ತೆಯನ್ನು ಕೇಳಿದಳು.

"ಅಪಾ, ಯಾಕೆ ಕೆಮ್ಮಿದ್ರಿ?"

"ಧೂಳಿತ್ತು."

"ಆಫೀಸಲ್ಲಾ?"

"ಎಲ್ಲಾ ಕಡೆ ಧೂಳೇ. ನಿನ್ನ ಬಾಯಿಂದ ಅವನ ಹೆಸರು ಬಂದಿದ್ರೆ ನಾಳೆ ಊರೇ ಆಡ್ಕೋತಿತ್ತು. ಭಾನುವಾರ ಬರ್ತಾನೆ. ನಾನು ಕೇಳ್ತೀನಿ ಬಿಡು."

ಭಾನುವಾರ ಭಾವ ಬಂದ. ಜೀಪು ಗೇಟಿನಲ್ಲಿ ಹಿಡಿಸದೆ, ಬುರುಲ್ ಒಣಗಲು ಹರವಿದ್ದ ಬೀನ್ಸಿನ ಅಂಚಿನ ಮೇಲೆ ಚಕ್ರ ಹತ್ತಿಸಿ ನಿಂತಿತು. ಒಳಗಿನಿಂದ ಸೆಂಟಿನ ವಾಸನೆ ಅಂಗಳಕ್ಕೆಲ್ಲ ಹರಡಿತು. ಅವನು ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಎರಡು ಹಾಸು ಹಾಕಿಸಿಕೊಂಡು ಕೂತ. ಕಲಿಚಾ ಮನೆಯ ದೊಡ್ಡ ಕೋಳಿಯನ್ನು ಕುಯ್ಯಿಸಿದ್ದಳು. ಎರ್ಮೆಕ್‌ಗೆ ಕತ್ತು, ಮೊಮ್ಮಗಳು ಐಪೆರಿಗೆ ರೆಕ್ಕೆ, ಬುರುಲ್‌ಗೆ ಸಾರು. ಎರಡು ತೊಡೆಯೂ ಭಾವನ ತಟ್ಟೆಗೆ ಹೋದವು. ಬುರುಲ್ ಬಾಗಿಲ ಬಳಿ ಮಂಡಿಯೂರಿ ಅರ್ಧ ಅರ್ಧ ಬಟ್ಟಲು ಚಹಾ ಬಗ್ಗಿಸುತ್ತಾ ಕೂತಳು. ಅವನು ಮೂಳೆ ಚೀಪುವ ಸದ್ದು ಅವಳಿಗೆ ಅಲ್ಲಿಯವರೆಗೂ ಕೇಳುತ್ತಿತ್ತು. ಇಷ್ಟು ವರ್ಷ ಅದು ಹಿರಿಯರು ಉಣ್ಣುವ ಸದ್ದಾಗಿತ್ತು. ಇವತ್ತು ಅವಳು ಚಹಾದ ಕೆಟಲ್ಲಿನ ಮುಚ್ಚಳವನ್ನು ಬೇಕೆಂದೇ ಸದ್ದು ಮಾಡಿ ಮುಚ್ಚಿದಳು.

ಅತ್ತೆ ಕೇಳಲಿಲ್ಲ. ಎರ್ಮೆಕ್ ಕೇಳಿದ.

"ಅಣ್ಣಾ, ಗಾಡೀನ ನಿನ್ನ ಹೆಸರಿಗೆ ಹಾಕ್ಕೋ. ಇಲ್ಲಾಂದ್ರೆ ನನ್ನ ಬಸ್ಸು ಹೋಗುತ್ತೆ."

"ಹಾಕ್ಕೋಳೋಣ, ಏನಂತೆ. ಹೊಸ ವರ್ಷ ಕಳೀಲಿ."

"ಬಸ್ಸು ನವೆಂಬರಲ್ಲಿ."

"ಮುಂದಿನ ವರ್ಷಾನೂ ಬಸ್ಸು ಹೋಗುತ್ತೆ ಕಣೋ. ಸರೋವರ ಏನು ಬತ್ತಿ ಹೋಗುತ್ತಾ?" ಭಾವ ಹಲ್ಲಿನ ಸಂದಿಗೆ ಕಡ್ಡಿ ಹಾಕಿದ. "ಈಗ ಆಸ್ತಿ ಪಟ್ಟಿ ಕೊಡೋ ಕಾಲ. ನನ್ನ ಹೆಸರಿಗೆ ಬಂದ್ರೆ ಅದರಲ್ಲಿ ತೋರಿಸ್ಬೇಕು. ಸಂಬಳ ನೋಡ್ತಾರೆ, ಗಾಡಿ ನೋಡ್ತಾರೆ, ಆಮೇಲೆ ನೂರೆಂಟು ಪ್ರಶ್ನೆ."

"ಅವತ್ತು ತೆರಿಗೆ ಅಂದಿದ್ದೆ."

"ತೆರಿಗೇನೂ ಹೌದು."

ಹನ್ನೆರಡು ವರ್ಷದ ಐಪೆರಿ ರೆಕ್ಕೆಯ ಮೂಳೆಯನ್ನು ತಟ್ಟೆಯಲ್ಲಿಟ್ಟಳು. "ದೊಡ್ಡಪ್ಪ, ಅದು ಅಪ್ಪನ ಗಾಡಿ ಅಂತಾರಲ್ಲ, ಅಪ್ಪನ್ನ ಒಂದ್ಸಲಾನೂ ಅದರಲ್ಲಿ ಕೂರಿಸ್ಲೇ ಇಲ್ವಲ್ಲ?"

"ಸೀಟು ಬಿಳಿ ಚರ್ಮ ಕಣೇ ಪುಟ್ಟಿ. ಗಾಲಿಕುರ್ಚಿ ಚಕ್ರದಲ್ಲಿ ಮಣ್ಣಿರುತ್ತೆ." ಅವನು ಇದನ್ನು ಬೇಸರವಿಲ್ಲದೆ, ತಿಳಿಹೇಳುವ ಹಾಗೆ ಹೇಳಿದ. ಅದೇ ಬುರುಲ್‌ಗೆ ಹೇಸಿಗೆಯಾದದ್ದು. ಬೈದಿದ್ದರೆ ಇಷ್ಟು ಅನಿಸುತ್ತಿರಲಿಲ್ಲ.

ಹೊರಡುವಾಗ ಕಲಿಚಾ ಒಂದು ಡಬ್ಬಿ ಬೆಣ್ಣೆ, ಕರಿದ ರೊಟ್ಟಿಯ ಗಂಟು ಜೀಪಿನೊಳಗಿಟ್ಟಳು. ಉಂಡೂ ಹೋದ, ಕೊಂಡೂ ಹೋದ.

ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಾ ಬುರುಲ್ ಶುರುಮಾಡಿದಳು.

"ನೀವು ಕೇಳ್ತೀನಿ ಅಂದಿದ್ರಿ ಅಪಾ."

"ಊಟದ ಹೊತ್ತಲ್ಲಿ ಏನು ಕೇಳೋದು."

"ಊಟ ಆದ್ಮೇಲೆ ಬೆಣ್ಣೆ ಕಟ್ಟಿಕೊಟ್ರಿ."

"ಅವನೂ ನನ್ನ ಮಗನೇ. ನಿಮ್ಮಪ್ಪನ ಮನೆಯಿಂದ ತಂದ ಬೆಣ್ಣೆ ಅಲ್ಲ ಅದು."

"ಹಸು ಕರೆದೋಳು ನಾನು, ಕಡೆದೋಳು ನಾನು. ಇರ್ಲಿ. ಆದ್ರೆ ಒಬ್ಬ ಮಗ ನಡೀಬೇಕು ಅಂತಾನೆ, ಇನ್ನೊಬ್ಬ ಅವನ ಬೆನ್ನಮೇಲೆ ಜೀಪು ನಿಲ್ಲಿಸಿದಾನೆ. ನೀವು ಯಾರ ಕಡೆ?"

"ದೊಡ್ಡೋರ ವಿಷಯದಲ್ಲಿ ನಾಲಿಗೆ ಬಿಗಿಹಿಡಿ" ಎಂದಳು ಕಲಿಚಾ. ಹೆತ್ತವರಿಗೆ ಹೆಗ್ಗಣ ಮುದ್ದು, ಅದರಲ್ಲೂ ಕೊಬ್ಬಿದ ಹೆಗ್ಗಣ ಇನ್ನೂ ಮುದ್ದು. ಬುರುಲ್ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಅಕ್ಟೋಬರ್ ಮುಗಿಯುವ ವೇಳೆಗೆ ಭಾವ ತಾನಾಗಿಯೇ ಬಂದ. ಭಾನುವಾರವಲ್ಲ, ಬುಧವಾರ. ಅಮ್ಮನನ್ನು ಸಂತೆಗೆ ಕರೆದುಕೊಂಡು ಹೋಗುತ್ತೇನೆ, ಚಳಿಗೆ ಶಾಲು ಕೊಡಿಸುತ್ತೇನೆ ಎಂದ. ಮಗನ ಬಿಳಿ ಸೀಟಿನ ಮೇಲೆ ಕಲಿಚಾ ಮೊದಲ ಬಾರಿಗೆ ಕೂತಳು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು. ಮಧ್ಯಾಹ್ನ ವಾಪಸು ಬಂದಾಗ ಅವಳ ತೊಡೆಯ ಮೇಲೆ ಕೆಂಪು ಹೂವಿನ ಉಣ್ಣೆ ಶಾಲಿತ್ತು. ಭಾವ ಕಿಟಕಿ ಇಳಿಸಿ, ಇಂಜಿನ್ನು ನಿಲ್ಲಿಸದೆ ತಮ್ಮನಿಗೆ ಕೂಗಿ ಹೇಳಿದ.

"ಮುಗೀತು ಕಣೋ. ಗಾಡಿ ನಿನ್ನ ಹೆಸರಲ್ಲಿಲ್ಲ. ಅಧಿಕಾರ ಪತ್ರ ಇತ್ತಲ್ಲ, ನಾನೇ ಹೋಗಿ ಮಾಡಿಸಿದೆ. ನಿನ್ನ ಹೆಂಡ್ತಿಗೆ ಹೇಳು, ಇನ್ನು ಮುಖ ಊದಿಸ್ಕೊಂಡು ಚಹಾ ಕೊಡಬೇಡ ಅಂತ."

ಆ ರಾತ್ರಿ ಊಟಕ್ಕೆ ಬುರುಲ್ ಕೈಯಿಂದ ಎಳೆದ ಶಾವಿಗೆ ಮಾಡಿದಳು. ಎರ್ಮೆಕ್ ಎರಡು ಸಲ ಹಾಕಿಸಿಕೊಂಡ. ಮರುದಿನದಿಂದ ಬೆಳಿಗ್ಗೆ ಎದ್ದು ಮಂಚದ ಕಂಬ ಹಿಡಿದು ಬೆನ್ನು ನೆಟ್ಟಗೆ ಮಾಡಿ ಕೂರುವ ಅಭ್ಯಾಸ ಶುರುಮಾಡಿದ. ಐಪೆರಿ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದಳು. ಕಬ್ಬಿಣದ ಪಟ್ಟಿ ಹಿಡಿಸಬೇಕಲ್ಲ ಎಂದು ಬುರುಲ್ ಅವನ ಎರಡು ಪ್ಯಾಂಟಿನ ಕಾಲು ಬಿಚ್ಚಿ ಅಗಲ ಮಾಡಿ ಹೊಲಿದಳು. ಎರ್ಮೆಕ್ ಹೆಂಡತಿಯ ಕೈಯಲ್ಲಿ ತಲೆಗೂದಲು ಕತ್ತರಿಸಿಕೊಂಡ. "ಸರೋವರದ ನರ್ಸುಗಳು ಏನಂದ್ಕೋಬೇಕು" ಎಂದ. ಆರು ವರ್ಷದಲ್ಲಿ ಅವಳು ಅವನ ಬಾಯಿಂದ ಕೇಳಿದ ಮೊದಲ ಸುಖದ ಮಾತು ಅದು.

ಕಲಿಚಾ ಮಾತ್ರ ಹೊಸ ಶಾಲನ್ನು ಹೊದೆಯಲಿಲ್ಲ. ಪೆಟ್ಟಿಗೆಯ ತಳಕ್ಕೆ ಹಾಕಿ ಬೀಗ ಹಾಕಿದಳು. ಚಳಿ ಇತ್ತು, ಹಳೆಯ ಶಾಲಿನಲ್ಲಿ ತೂತಿತ್ತು.

ಸಮಿತಿ ಸೇರುವುದಕ್ಕೆ ಮೂರು ದಿನ ಮೊದಲು ಬುರುಲ್ ಒಬ್ಬಳೇ ಆಫೀಸಿಗೆ ಹೋದಳು. ಮೀರಿಮ್‌ಗೆಂದು ಒಂದು ಚೀಲ ಬೀನ್ಸನ್ನೂ ಒಯ್ದಿದ್ದಳು. ಹುಡುಗಿ ಕೀಲಿ ಒತ್ತಿದಳು, ಮತ್ತೊಮ್ಮೆ ಒತ್ತಿದಳು, ಆಮೇಲೆ ಬೀನ್ಸಿನ ಚೀಲವನ್ನು ಮೆಲ್ಲಗೆ ಬುರುಲ್ ಕಡೆಗೇ ತಳ್ಳಿದಳು.

"ಎರ್ಮೆಕ್ ಅವರ ಹೆಸರಲ್ಲಿ ಏನೂ ಇಲ್ಲ, ನಿಜ. ಅದೇ ಗಾಡಿ ಈಗ ಕಲಿಚಾ ಅನ್ನೋರ ಹೆಸರಲ್ಲಿದೆ. ಅವರು ನಿಮಗೆ ಏನಾಗ್ಬೇಕು?"

ಬುರುಲ್ ಪರದೆಯನ್ನು ನೋಡಿದಳು. ಅದೇ ನಂಬರು, ಅದೇ ಕಪ್ಪು. "ಅತ್ತೆ" ಎಂದಳು.

"ಒಂದೇ ಮನೆ, ಒಂದೇ ಒಲೆ ಅಲ್ವಾ ಅಕ್ಕ. ಕಂಪ್ಯೂಟರ್ ಮನೆ ಲೆಕ್ಕ ನೋಡುತ್ತೆ. ತಮ್ಮನ ತಲೆಯಿಂದ ತಾಯಿ ತಲೆಗೆ ಟೋಪಿ ಹಾಕಿದಾರೆ, ಅಷ್ಟೇ."

ಬೀದಿಗೆ ಬಂದು ಬುರುಲ್ ಚರಂಡಿಯ ಪಕ್ಕ ನಿಂತು ವಾಂತಿ ಮಾಡಿದಳು. ಬೆಳಗಿನ ಚಹಾ ಮಾತ್ರ ಹೊರಬಂತು. ಸೀಟಿನ ಮೇಲೆ ಚಪ್ಪಲಿ ಹಿಡಿದು ಕೂತ ಅತ್ತೆ, ಕಿಟಕಿ ಇಳಿಸಿ ಕೂಗಿದ ಭಾವ, ಅಗಲ ಮಾಡಿ ಹೊಲಿದ ಪ್ಯಾಂಟು ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು.

ಮನೆಗೆ ಬಂದವಳು ಚಪ್ಪಲಿ ಬಿಡದೆ ಕೇಳಿದಳು. "ಶಾಲು ಎಲ್ಲಿ ಅಪಾ?"

ಕಲಿಚಾ ಹಿಟ್ಟು ನಾದುತ್ತಿದ್ದಳು. ಕೈ ನಿಂತಿತು.

"ಎಲ್ಲಿ ಸಹಿ ಹಾಕಿದ್ರಿ?"

"ಒಂದು ಆಫೀಸು. ಗಾಜಿನ ಬಾಗಿಲು. ಇಲ್ಲಿ ಹಾಕಮ್ಮಾ ಅಂದ, ಹಾಕ್ದೆ. ನಾನೇನು ಓದ್ದೋಳಾ?"

"ಹೆಸರು ಓದೋಕೆ ಬರುತ್ತೆ ನಿಮಗೆ."

"ಬರುತ್ತೆ." ಕಲಿಚಾಳ ದನಿ ಇಳಿಯಿತು. "ಎರ್ಮೆಕ್ ಹೆಸರಿಂದ ಇಳಿದ್ರೆ ಸಾಕಲ್ವಾ ಅಂದ. ಮುದುಕಿಯರ ಹೆಸರನ್ನ ಯಾವ ಆಫೀಸೂ ನೋಡಲ್ಲ ಅಂದ. ಅವಳಿಗೆ ಹೇಳ್ಬೇಡ, ಸುಮ್ನೆ ಕೂಗಾಡ್ತಾಳೆ ಅಂದ. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ನಾನು..."

"ಹಾವು ಸಾಯ್ಲಿಲ್ಲ ಅಪಾ. ನಿಮ್ಮ ಚಿಕ್ಕ ಮಗನ ಕೋಲು ಮುರೀತು."

ಒಳಗಿನಿಂದ ಎರ್ಮೆಕ್ ಎಲ್ಲ ಕೇಳಿಸಿಕೊಂಡಿದ್ದ. ತಮಾಷೆ ಮಾಡಲಿಲ್ಲ. ಮಂಚದ ಕಂಬ ಬಿಟ್ಟು ಮಲಗಿ ಗೋಡೆಗೆ ತಿರುಗಿದ. ಸ್ವಲ್ಪ ಹೊತ್ತಿನ ಮೇಲೆ, "ಬಕೆಟ್ಟು" ಎಂದ.

ಬುರುಲ್ ತಲೆವಸ್ತ್ರವನ್ನು ಬಿಗಿ ಮಾಡಿಕೊಂಡಳು. "ಇವತ್ತು ನೀವು ನೋಡ್ಕೊಳಿ ಅಪಾ. ನನಗೆ ಬೀನ್ಸಿದೆ."

ಆರು ವರ್ಷದಲ್ಲಿ ಕಲಿಚಾ ಆ ಕೆಲಸ ಮಾಡಿರಲಿಲ್ಲ. ಸೊಸೆ ಇರುವಾಗ ಅತ್ತೆ ಮಾಡುವುದುಂಟೇ. ಅಂಗಳದಲ್ಲಿ ಕಾಳು ಆರಿಸುತ್ತಾ ಬುರುಲ್ ನೋಡಿದಳು. ಅರವತ್ತೆಂಟರ ಮುದುಕಿ ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು, ಮೂಗು ತಿರುಗಿಸಿಕೊಂಡು, ಅಂಗಳದ ಕೊನೆಯವರೆಗೆ ಹೋದಳು. ಎರಡು ಕಡೆ ನಿಂತು ಸುಧಾರಿಸಿಕೊಂಡಳು. ನಲ್ಲಿಯ ಬಳಿ ಕೂತು ತಣ್ಣೀರಿನಲ್ಲಿ ಬಹಳ ಹೊತ್ತು ಕೈ ತೊಳೆದಳು, ತೊಳೆದಾದ ಮೇಲೂ ಎದ್ದೇಳಲಿಲ್ಲ. ಮರುದಿನವೂ, ಅದರ ಮರುದಿನವೂ ಯಾರೂ ಹೇಳದೆ ಅವಳೇ ಒಯ್ದಳು.

ಹದಿನಾಲ್ಕನೆಯ ತಾರೀಖು ಬೆಳಿಗ್ಗೆ ಬುರುಲ್ ಹೊರಟಾಗ ಕಲಿಚಾ ಬಾಗಿಲಲ್ಲಿ ಸಿದ್ಧಳಾಗಿ ನಿಂತಿದ್ದಳು, ಕಂಕುಳಲ್ಲಿ ಒಂದು ಗಂಟು ಇಟ್ಟುಕೊಂಡು.

"ನೀವ್ಯಾಕೆ?"

"ಗಾಡಿ ನಂದಲ್ವಾ" ಎಂದಳು ಅತ್ತೆ.

ಸಮಿತಿಯ ಕೋಣೆಯಲ್ಲಿ ಉದ್ದದ ಮೇಜು. ಅದರ ಹಿಂದೆ ಐದು ಜನ, ಮುಂದೆ ಐದು ಬಾಟಲಿ ನೀರು, ಒಂದು ತಟ್ಟೆ ಮಿಠಾಯಿ. ಪಕ್ಕದಲ್ಲಿ ಮೀರಿಮ್ ಕಡತಗಳ ರಾಶಿಯೊಂದಿಗೆ ಕೂತಿದ್ದಳು. ನಡುವೆ ಬೋಳುತಲೆಯ ಅಧ್ಯಕ್ಷ. ಅವನ ಬಲಕ್ಕೆ ಕೂತು ಮಿಠಾಯಿಯ ಕಾಗದ ಬಿಚ್ಚುತ್ತಿದ್ದವನು ಭಾವ.

ಬುರುಲ್ ಬಾಗಿಲಲ್ಲೇ ನಿಂತಳು. ಪಟ್ಟಿಯಲ್ಲಿ ತಮ್ಮನ ಹೆಸರು ಇರಬೇಕೋ ಬೇಡವೋ ಎಂದು ತೀರ್ಮಾನಿಸುವ ಐವರಲ್ಲಿ ಇವನೂ ಒಬ್ಬ. ಇಷ್ಟು ದಿನ ಅವರ ಮನೆಯ ತೊಡೆ ಮಾಂಸ ತಿಂದು, ಅದನ್ನು ಒಂದು ಮಾತಿನಲ್ಲೂ ಹೇಳಿರಲಿಲ್ಲ. ಈಗಲೂ ತಲೆಯೆತ್ತಲಿಲ್ಲ. ಮಿಠಾಯಿ ಬಾಯಿಗೆ ಹಾಕಿಕೊಂಡು ಕಾಗದವನ್ನು ಸಣ್ಣದಾಗಿ ಮಡಿಸತೊಡಗಿದ.

ಮೀರಿಮ್ ಓದಿದಳು. "ರೋಗಿ ಎರ್ಮೆಕ್. ಕುಟುಂಬದ ಸದಸ್ಯೆ ಕಲಿಚಾ ಅವರ ಹೆಸರಿನಲ್ಲಿ ಒಂದು ಜೀಪು."

"ಮತ್ತೆ ಇನ್ನೇನು" ಎಂದ ಅಧ್ಯಕ್ಷ. "ದಾಖಲೆ ಸ್ಪಷ್ಟವಾಗಿದೆ. ಜೀಪಿದ್ದೋರು ಬಸ್ಸಿನ ಜಾಗಕ್ಕೆ ಯಾಕೆ ಬರ್ತಾರೆ. ತೆಗೀರಿ. ಮುಂದಿನದು."

"ಆ ಗಾಡಿ ನಮ್ದಲ್ಲ" ಎಂದಳು ಬುರುಲ್.

"ಎಲ್ಲರೂ ಹೀಗೇ ಅಂತಾರಮ್ಮ. ನಿಮ್ದಲ್ದಿದ್ರೆ ಯಾರ್ದು? ಹೆಸರು ಹೇಳಿ."

ಬುರುಲ್ ಅತ್ತೆಯ ಕೆಮ್ಮಿಗಾಗಿ ಕಾದಳು. ಕೆಮ್ಮು ಬರಲಿಲ್ಲ. ಭಾವ ಈಗ ತಲೆಯೆತ್ತಿ ಅವಳನ್ನು ನೇರವಾಗಿ ನೋಡಿದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಇವಳು ಹೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಸೊಸೆಯರ ನಾಲಿಗೆಯ ಮೇಲಿನ ಆ ಬೀಗವನ್ನೇ ನಂಬಿ ಅವನು ಎರಡು ವರ್ಷ ಜೀಪು ಓಡಿಸಿದ್ದ.

"ಕಾದಿರಾಲಿ" ಎಂದಳು ಬುರುಲ್.

ಒಂದು ಹೆಜ್ಜೆ ಮುಂದೆ ಬಂದು ಇನ್ನೊಮ್ಮೆ, ಈ ಸಲ ಮಾವನ ಹೆಸರೂ ಸೇರಿದ್ದ ಮನೆತನದ ಹೆಸರಿನ ಸಮೇತ, ಕೋಣೆಯ ಆ ತುದಿಗೂ ಕೇಳುವಂತೆ ಹೇಳಿದಳು.

"ಕಾದಿರಾಲಿ ಮಾಮಿರೋವ್. ನಿಮ್ಮ ಬಲಗಡೆ ಕೂತಿದಾರೆ. ಕೀಲಿ ಅವರ ಜೇಬಲ್ಲಿದೆ, ಗಾಡಿ ಈ ಆಫೀಸಿನ ಬಾಗಿಲಲ್ಲೇ ನಿಂತಿದೆ. ಮೊದ್ಲು ಕಾಲಿಗೆ ಬಲವಿಲ್ಲದ ತಮ್ಮನ ಹೆಸರಲ್ಲಿ ಬಚ್ಚಿಟ್ಟಿದ್ರು, ಈಗ ತಾಯಿ ಹೆಸರಲ್ಲಿ."

ಅಧ್ಯಕ್ಷ ತನ್ನ ಪೆನ್ನಿನ ಮುಚ್ಚಳ ನೋಡಿದ. ಎಡಗಡೆಯ ಹೆಂಗಸು ನೀರಿನ ಬಾಟಲಿಯ ಮೇಲಿನ ಅಕ್ಷರ ಓದಿದಳು. ಕೊನೆಯ ಇಬ್ಬರು ಕಿಟಕಿ ನೋಡಿದರು. ಬುರುಲ್‌ಗೆ ಆಗ ತಿಳಿಯಿತು: ಇವರಲ್ಲಿ ಒಬ್ಬರಿಗೂ ಆಶ್ಚರ್ಯವಾಗಿಲ್ಲ. ಪ್ರತಿಯೊಬ್ಬರಿಗೂ ತಮ್ಮ ತಮ್ಮ ಅತ್ತೆಯ, ಅಜ್ಜನ, ಕುಂಟ ಚಿಕ್ಕಪ್ಪನ ಹೆಸರಿನ ಒಂದೊಂದು ಗಾಡಿ ನೆನಪಾಗಿದೆ. ಅವಳಿಗೆ ಆ ಮೇಜು, ಆ ಮಿಠಾಯಿ ತಟ್ಟೆ ಎಲ್ಲ ತನ್ನ ಬಕೆಟ್ಟಿಗಿಂತ ಹೊಲಸಾಗಿ ಕಂಡಿತು.

"ಮನೆತನದ ಮರ್ಯಾದೆ ಅನ್ನೋದು ಇರುತ್ತೆ" ಎಂದ ಕಾದಿರಾಲಿ, ಅಧ್ಯಕ್ಷನ ಕಡೆಗೆ, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ. "ಹಿರಿಯರ ಹೆಸರನ್ನ ಬಾಯಿಗೆ ಬಂದಂಗೆ ಆಡೋ ಹೆಂಗಸಿನ ಮಾತು ಇದು. ದಾಖಲೆ ಏನು ಹೇಳುತ್ತೋ ಅದು ಸತ್ಯ. ಬೇಕಾದ್ರೆ ಗಾಡಿ ಮಾಲೀಕರನ್ನೇ ಕೇಳಿ. ಅಮ್ಮಾ, ಹೇಳಮ್ಮ."

ಅಧ್ಯಕ್ಷನಿಗೆ ಅದು ದಾರಿಯಾಗಿ ಕಂಡಿತು. "ಅಜ್ಜಿ, ಗಾಡಿ ನಿಮ್ದೇ ಅಲ್ವಾ?"

ಕಲಿಚಾ ಮೆಲ್ಲಗೆ ಮೇಜಿನವರೆಗೆ ನಡೆದು ಹೋದಳು. ಗಂಟು ಬಿಚ್ಚಿದಳು. ಕೆಂಪು ಹೂವಿನ ಶಾಲನ್ನು ಮಡಿಕೆ ಮುರಿಯದೆ ಮಿಠಾಯಿ ತಟ್ಟೆಯ ಪಕ್ಕದಲ್ಲಿಟ್ಟಳು.

"ನನಗೆ ಒಂದು ಕತ್ತೆ ಕೂಡ ಇಲ್ಲಪ್ಪ. ಇವನು ಈ ಶಾಲು ಕೊಟ್ಟು ನನ್ನ ಹೆಸರು ಕೊಂಡ್ಕೊಂಡ. ಬೆಲೆ ವಾಪಸ್ ತಗೊಳ್ಳಿ, ಹೆಸರು ವಾಪಸ್ ಕೊಡಿ."

"ಅಮ್ಮಾ, ಕೂತ್ಕೋ" ಎಂದ ಕಾದಿರಾಲಿ.

"ಮೂರು ದಿನದಿಂದ ನಿನ್ನ ತಮ್ಮನ ಬಕೆಟ್ಟು ಎತ್ತಿದೀನಿ. ನನಗೆ ಕೂರೋಕಾಗಲ್ಲ, ಸೊಂಟ ಹಿಡ್ಕೊಂಡಿದೆ." ಆಮೇಲೆ ಗುಮಾಸ್ತೆಯ ಕಡೆ ತಿರುಗಿದಳು. "ನನ್ನ ಸೊಸೆ ಹೇಳಿದ ಹೆಸರು ಬರ್ಕೊಂಡ್ಯಾ ಮಗಳೇ? ಸರಿಯಾಗಿ ಹೇಳಿದಾಳೆ. ಇಟ್ಟೋಳು ನಾನು, ನನಗೆ ಗೊತ್ತು."

ಮೀರಿಮ್ ಕಂಪ್ಯೂಟರಿನಲ್ಲಿ ಆ ಹೆಸರು ಹಾಕಲು ಕಾಲಂ ಇಲ್ಲದೆ, ಕಡತದ ಅಂಚಿನಲ್ಲಿ ಪೆನ್ನಿನಿಂದ ಬರೆಯುತ್ತಿದ್ದಳು. ಅಧ್ಯಕ್ಷ ಗಂಟಲು ಸರಿಮಾಡಿಕೊಂಡ. ನ್ಯಾಯ ನೆನಪಾಗಿ ಅಲ್ಲ. ಇನ್ನು ಸ್ವಲ್ಪ ಹೊತ್ತು ಕಳೆದರೆ ಈ ಕೋಣೆಯಲ್ಲಿ ಇನ್ನೂ ಎಷ್ಟು ಹೆಸರು ಹೊರಬರುತ್ತವೋ ಎಂಬ ಭಯದಿಂದ. "ರೋಗಿ ಹೆಸರು ಪಟ್ಟಿಯಲ್ಲಿರಲಿ. ವಾಹನ ಬೇರೆಯವರ ಬಳಕೆಯಲ್ಲಿದೆ ಅಂತ ಬರೀರಿ. ವಾರದೊಳಗೆ ವರ್ಗಾಯಿಸ್ಕೊಳ್ಲಿ. ಮುಂದಿನದು, ಬೇಗ" ಎಂದ. ಐದು ಕೈಗಳು ಮೇಲೆದ್ದವು. ಕಾದಿರಾಲಿಯ ಕೈ ಕೊನೆಗೆ ಎದ್ದಿತು, ಆದರೆ ಎದ್ದಿತು. ಅವನ ಬಗ್ಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಹೊರಗೆ ಆಫೀಸಿನ ಬಾಗಿಲಲ್ಲಿ ಕಪ್ಪು ಜೀಪು ನಿಂತಿತ್ತು. ಅತ್ತೆ ಸೊಸೆ ಅದನ್ನು ಬಳಸಿಕೊಂಡು ವ್ಯಾನಿನ ನಿಲ್ದಾಣಕ್ಕೆ ನಡೆದರು. ಕಲಿಚಾ ತೂತಿನ ಶಾಲಿನಲ್ಲಿ ನಡುಗುತ್ತಿದ್ದಳು. ವ್ಯಾನು ಊರ ದಾರಿ ಹಿಡಿದ ಮೇಲೆ ಬುರುಲ್ ಕೇಳಿದಳು.

"ಅಪಾ, ಹೆಸರು ಹೇಳ್ಬಿಟ್ಟೆ. ಬೇಜಾರಾಯ್ತಾ?"

ಕಲಿಚಾ ಕಿಟಕಿಯಾಚೆ ನೋಡಿದಳು. ಕೊಯ್ಲಾದ ಬೀನ್ಸ್ ಹೊಲಗಳು ಖಾಲಿ ಬಿದ್ದಿದ್ದವು. ಅವಳ ಕಣ್ಣು ಒದ್ದೆಯಾಗಿತ್ತು, ದನಿ ಒಣಗಿತ್ತು.

"ಇನ್ಮೇಲೆ ಮನೇಲಿ ಆ ಹೆಸರನ್ನ ಎಷ್ಟು ಸಲ ಬೇಕಾದ್ರೂ ಹೇಳು. ಊಟಕ್ಕೆ ಮಾತ್ರ ಕರೀಬೇಡ."